ನಮಾಜಿನ ನಡುವೆ ಕೇಳಿದ ಸದ್ದು

ಉಮ್ಮಾಮನ ಹಣೆ ಚಾಪೆಗೆ ತಾಗುವವರೆಗೆ ಕಾಯಬೇಕು. ಅದಕ್ಕೆ ಮೊದಲೇ ಕೈ ಹಾಕಿದರೆ ಮುದುಕಿಯ ಓರೆಗಣ್ಣಿಗೆ ನೆರಳು ಬೀಳುತ್ತದೆ, ತಡಮಾಡಿದರೆ ಎದ್ದು ಕೂತುಬಿಡುತ್ತಾಳೆ. ಜಸೀಲ ಬಾಗಿಲ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತು ತನ್ನ ತಾಯಿಯ ತಾಯಿಯ ಬೆನ್ನನ್ನೇ ನೋಡುತ್ತಿದ್ದಳು. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದ ಆ ಬೆನ್ನು ಬಾಗಿತು, ನೆಟ್ಟಗಾಯಿತು, ಆಮೇಲೆ ಮೊಣಕಾಲಿನ ಲಟಕ್ ಸದ್ದಿನೊಂದಿಗೆ ಕೆಳಗಿಳಿಯಿತು. ಹಣೆ ನೆಲ ಮುಟ್ಟಿತು. ಜಸೀಲ ಎರಡೇ ಹೆಜ್ಜೆಗೆ ಮಂಚದ ತಲೆದೆಸೆ ತಲುಪಿ, ದಿಂಬಿನ ಪಕ್ಕದ ಉಕ್ಕಿನ ಡಬ್ಬಿ ತೆಗೆದು, ತಗಡಿನ ಹಾಳೆಯ ಮೇಲೆ ಹೆಬ್ಬೆರಳೊತ್ತಿದಳು. ಕಿರ್ ಅಂದಿತು. ಅಷ್ಟು ಸಣ್ಣ ವಸ್ತು ಇಷ್ಟು ದೊಡ್ಡದಾಗಿ ಕೂಗಿಕೊಳ್ಳಬಹುದೆಂದು ಅವಳಿಗೆ ಈ ನೋಂಬಿನ ತಿಂಗಳಿಗೆ ಮೊದಲು ಗೊತ್ತಿರಲಿಲ್ಲ. ನಮಾಜಿನಲ್ಲಿರುವವರು ತಿರುಗುವುದಿಲ್ಲ, ಮಾತಾಡುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ಮೊದಲು ಸಲಾಂ ಹೇಳಿ ಮುಗಿಸಬೇಕು ಎಂದು ಚಿಕ್ಕಂದಿನಲ್ಲಿ ಕಲಿಸಿದವಳೇ ಉಮ್ಮಾಮ. ಆ ಪಾಠದ ಮರೆಯಲ್ಲೇ ಮೊಮ್ಮಗಳು ಈಗ ಕದಿಯುತ್ತಿದ್ದಳು. ಮುಷ್ಟಿಯೊಳಗಿನ ಮಾತ್ರೆ ಬೆವರಿಗೆ ಆಗಲೇ ಜಿಗುಟಾಗುತ್ತಿತ್ತು. ಮುದುಕಿ ಇವತ್ತು ಹಣೆ ಎತ್ತಲು ತುಸು ಹೆಚ್ಚು ಹೊತ್ತು ತೆಗೆದುಕೊಂಡಳು ಅನ್ನಿಸಿತು. ಇರಲಿಕ್ಕಿಲ್ಲ. ಮಂಡಿನೋವು ಇರಬೇಕು.

ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು, ಸೋಪಿನ ಪುಡಿಯ ಪೊಟ್ಟಣದ ಹಿಂದಿನಿಂದ ಬಿಸ್ಕತ್ತು ತೆಗೆದಳು. ನೀರಿನ ಸದ್ದಿನೊಳಗೆ ಜಗಿಯಬೇಕು. ಗರಿಗರಿ ಇರುವಾಗ ಹಲ್ಲು ಕಚ್ಚಬಾರದು, ಬಾಯಲ್ಲೇ ನೆನೆಸಬೇಕು. ಸೋಪಿನ ವಾಸನೆ ಬಿಸ್ಕತ್ತಿಗೆ ಹತ್ತಿತ್ತೋ, ಬಿಸ್ಕತ್ತೇ ಹಾಗಿತ್ತೋ, ಹೊಟ್ಟೆ ತೊಳಸಿ ಬಂತು. ತಡೆದುಕೊಂಡಳು. ವಾಂತಿಯಾದರೆ ಮಾತ್ರೆ ಹೋಯಿತು, ಮಾತ್ರೆ ಹೋದರೆ ಇನ್ನೊಂದಕ್ಕೆ ಮತ್ತೆ ಆ ಪರದೆ, ಆ ಬೆನ್ನು. ಹಸಿದು ಕೂರಬೇಡ, ಸ್ವಲ್ಪ ಸ್ವಲ್ಪ ತಿನ್ನುತ್ತಿರು, ಈ ಮಾತ್ರೆ ನಾನು ನಿಲ್ಲಿಸು ಅನ್ನುವವರೆಗೆ ನೀನಾಗಿ ನಿಲ್ಲಿಸಬೇಡ ಎಂದಿದ್ದರು ಕಣ್ಣೂರಿನ ಲೇಡಿ ಡಾಕ್ಟರು. ಯಂತ್ರದ ಪರದೆಯ ಮೇಲೆ ಹುರಿಗಡಲೆಯಷ್ಟಿದ್ದ ಒಂದು ಮಸುಕು ತೋರಿಸಿ, ಇದು, ಅಂದಿದ್ದರು. ಅದರ ಪಕ್ಕದಲ್ಲೇ ಅಂಡಕೋಶದ ನೀರುಗುಳ್ಳೆಗಳು ಕಂಠಿಸರದ ಹಾಗೆ ಸಾಲಾಗಿ ಕೂತಿದ್ದವು. ಹುಡುಗಿಯಾಗಿದ್ದಾಗಿನಿಂದ ಅವಳ ಜೊತೆ ಬೆಳೆದು ಬಂದ ಪಿಸಿಓಡಿ. ಮುಟ್ಟನ್ನು ತಿಂಗಳುಗಟ್ಟಲೆ ಅಡಗಿಸಿ, ಬಂದಾಗ ವಾರಗಟ್ಟಲೆ ಬಿಡದೆ, ಗಲ್ಲದ ಮೇಲೆ ಕೂದಲು ಮೂಡಿಸಿ, ಹೆಣ್ಣು ನೋಡಲು ಬಂದವರಿಂದ ‘ಮೈ ಸ್ವಲ್ಪ ಜಾಸ್ತಿಯಾಯ್ತಲ್ವಾ’ ಅನ್ನಿಸಿದ್ದು ಅದೇ. ಆದರೆ ಅದರಿಂದ ಒಂದು ಉಪಕಾರವೂ ಆಗಿತ್ತು. ತಿಂಗಳ ಆರಂಭದಲ್ಲಿ ‘ನನಗೆ ನೋಂಬು ಇಲ್ಲ, ಮುಟ್ಟು’ ಅಂದಾಗ ಯಾರೂ ಹುಬ್ಬೇರಿಸಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತು ಧೈರ್ಯವಾಗಿ ಉಂಡಳು. ಅದು ಮುಂದುವರಿದಾಗ ಅವಳ ತಾಯಿ, ಉಮ್ಮ, ಬೆರಳು ಮಡಚಿದಳು. “ಹದಿನೈದು ದಿನ ದಾಟಿದ್ರೆ ಅದು ಮುಟ್ಟಲ್ಲ, ಕಾಯಿಲೆ. ಮಿಂದು ನೋಂಬು ಹಿಡಿ. ಕಿತಾಬಿನಲ್ಲಿ ಇರೋದೇ ಹಾಗೆ.” ಆ ದಿನದಿಂದ ಬಿಸ್ಕತ್ತು ಸೋಪಿನ ಪುಡಿಯ ಹಿಂದೆ ಹೋಯಿತು.

ಬಸುರಿ ನೋಂಬು ಬಿಡಬಹುದು. ಅದೂ ಕಿತಾಬಿನಲ್ಲಿದೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ತಟ್ಟೆ ತುಂಬ ಬಡಿಸುತ್ತಿದ್ದರು. ‘ಹೇಳಿಬಿಡು’ ಎಂದು ದೋಹಾದಿಂದ ಗಂಡ ಮುನವ್ವರ್ ಕೂಡ ಹೇಳುತ್ತಾನೆ. ಗಂಡಸಿಗೆ ಹೇಳುವುದು ಸುಲಭ. ಹೋದ ವರ್ಷ ಹೇಳಿದ್ದಾಯಿತಲ್ಲ. ಉಮ್ಮ ಆ ಸಂಜೆಯೇ ಫೋನು ಹಿಡಿದಳು. ಮಾರನೆಯ ದಿನ ಅಳಿಯನ ಮನೆಯ ಹೆಂಗಸರು ಎರಡು ಕಾರಿನಲ್ಲಿ ಬಂದಿಳಿದರು. ಹಲ್ವದ ತಟ್ಟೆ, ಮೊಟ್ಟೆಯ ಹಳದಿಯಿಂದ ಎಳೆದ ಸಿಹಿ ಸರ, ಮುಸಂಬಿ. ಅವಳನ್ನು ನಡುವೆ ಕೂರಿಸಿ ಇನ್ನೂ ಉಬ್ಬದ ಹೊಟ್ಟೆಯನ್ನು ನೋಡಿದರು. ಆಮೇಲೆ ಒಂದು ಮಧ್ಯಾಹ್ನ, ಬಟ್ಟೆ ಮಡಚುತ್ತಿರುವಾಗ, ಬಿಸಿಯಾಗಿ ಎಲ್ಲವೂ ಇಳಿದುಹೋಯಿತು. ಅದೇ ಹೆಂಗಸರು ಮತ್ತೆ ಬಂದರು, ಈ ಸಲ ಒಂದೇ ಕಾರಿನಲ್ಲಿ. ‘ಪರವಾಗಿಲ್ಲ ಮಗಳೇ, ಕೊಟ್ಟವನು ಇನ್ನೂ ಕೊಡ್ತಾನೆ’ ಅಂದರು. ಕಣ್ಣು ಮಾತ್ರ ಗಲ್ಲದ ಮೇಲೆ, ಎರಡು ವಾರದಿಂದ ನೂಲು ಹಾಕಿಸಿ ಕೂದಲು ತೆಗೆಸದ ಗಲ್ಲದ ಮೇಲೆ. ಅವರು ಮೊದಲ ಸಲ ತಂದ ಹಲ್ವ ಫ್ರಿಜ್ಜಿನಲ್ಲೇ ಇತ್ತು. ಯಾರೂ ತಿನ್ನಲಿಲ್ಲ, ಯಾರೂ ಎಸೆಯಲಿಲ್ಲ. ನೀರು ತೆಗೆಯಲು ಬಾಗಿಲು ತೆರೆದಾಗಲೆಲ್ಲ ಅದು ದಿನಕ್ಕಿಷ್ಟು ಕಲ್ಲಾಗುತ್ತ ಅವಳನ್ನು ನೋಡುತ್ತಿತ್ತು. ಆಗಲೇ ಉಮ್ಮನಿಗೆ ಕಪಾಟಿನಲ್ಲಿ ಮಾತ್ರೆ ಸಿಕ್ಕಿದ್ದು. ಅದನ್ನು ಉಮ್ಮಾಮನ ಮಾತ್ರೆಯ ಪಕ್ಕ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎರಡೂ ಒಂದೇ. “ಸಕ್ಕರೆ ಕಾಯಿಲೆ ಇಲ್ಲದವಳು ಸಕ್ಕರೆ ಮಾತ್ರೆ ತಿಂದ್ರೆ ಹೊಟ್ಟೇಲಿದ್ದದ್ದು ನಿಲ್ತದಾ? ಮಗೂಗೆ ಹೋಗಬೇಕಾದ ಸಿಹಿಯೆಲ್ಲ ಇದು ಹೀರಿತು. ನೀನೇ ಕೈಯಾರೆ ತೆಗೆದೆ, ಜಸೀ.” ಡಾಕ್ಟರು ಅಲ್ಲ ಅಂದರು. ಮಾತ್ರೆಯಿಂದಲೂ ಅಲ್ಲ, ನಿನ್ನಿಂದಲೂ ಅಲ್ಲ, ಕೆಲವು ನಿಲ್ಲುವುದಿಲ್ಲ ಅಷ್ಟೇ ಅಂದರು. ಆದರೆ ಡಾಕ್ಟರು ಒಮ್ಮೆ ಹೇಳಿದ್ದು, ಉಮ್ಮ ಹೇಳಿದ್ದು ಎಷ್ಟೋ ಸಲ. ಒಳಗಿನ ಯಾವುದೋ ಕಿವಿ ಈಗಲೂ ಉಮ್ಮನ ಮಾತನ್ನೇ ಕೇಳುತ್ತದೆ. ಪ್ರತಿ ಮಾತ್ರೆಯನ್ನೂ ಅವಳು ನುಂಗುವುದು ಅರ್ಧ ಔಷಧಿಯೆಂದು, ಅರ್ಧ ವಿಷವೆಂದು.

ಅವಳ ಮಾತ್ರೆಗಳು ಹೋದದ್ದು ತೊಳೆಯುವ ದಿನ. ನೋಂಬಿಗೆ ಮೊದಲು ಮನೆ ಪೂರ್ತಿ ತೊಳೆಯುವುದೆಂದರೆ ಈ ಕಡೆ ಹಬ್ಬಕ್ಕಿಂತ ದೊಡ್ಡ ಕೆಲಸ. ಮಂಚ ಅಂಗಳಕ್ಕೆ ಬರುತ್ತದೆ, ಕಿಟಕಿಯ ಸರಳಿಗೂ ಸೋಪು ಬೀಳುತ್ತದೆ. ದಿಂಬಿನ ಚೀಲದೊಳಗೆ ಬಚ್ಚಿಟ್ಟ ತಗಡಿನ ಹಾಳೆ ಬಿಸಿನೀರಿನ ಹಂಡೆಗೆ ಹೋಗಿದ್ದು ಅವಳಿಗೆ ತಿಳಿದದ್ದು ಚೀಲ ಒಣಹಾಕುವಾಗ. ಒಳಗೆ ಬಿಳಿ ಹಿಟ್ಟು, ಖಾಲಿ ಗುಳಿಗಳು. ಪೇಟೆಯ ಔಷಧಿ ಅಂಗಡಿ ಉಮ್ಮನ ತಂಗಿ ಎಳೆಮ್ಮನ ಗಂಡ ಖಾದರನದು. ಅಲ್ಲಿ ಕೇಳಿದರೆ ಸಂಜೆಯೊಳಗೆ ಉಮ್ಮನ ಕಿವಿಗೆ. ಕಣ್ಣೂರಿಗೆ ಹೋಗೋಣವೆಂದರೆ ನೋಂಬು ಹಿಡಿದ ಬಿಸಿಲಿನಲ್ಲಿ ಯಾಕೆ ಹೊರಟೆ ಎಂದು ಮೂರು ಬಾಯಿ. ಇವತ್ತಿಗೊಂದು ಉಮ್ಮಾಮನದು ತೆಗೆದುಕೊಳ್ಳುತ್ತೇನೆ, ನಾಳೆ ಹೇಗಾದರೂ ತರಿಸುತ್ತೇನೆ ಅಂದುಕೊಂಡಿದ್ದಳು. ಕಳ್ಳತನದಲ್ಲಿ ಕಷ್ಟ ಮೊದಲನೆಯದೇ. ಆಮೇಲಿನದಕ್ಕೆ ಕಾಲಿಗೇ ದಾರಿ ಗೊತ್ತಿರುತ್ತದೆ.

ಇಳಿಹೊತ್ತಿನ ಅಸರ್ ನಮಾಜು ಕಳೆದ ಮೇಲೆ ಅಡುಗೆಮನೆಗೆ ಎಲ್ಲರೂ ಬಂದರು. ಉಮ್ಮ ಅಕ್ಕಿಹಿಟ್ಟು ನಾದುತ್ತಿದ್ದಳು, ಜಸೀಲ ಪತ್ತಿರಿ ಲಟ್ಟಿಸುತ್ತಿದ್ದಳು, ಉಮ್ಮಾಮ ಹಿಂಬಾಗಿಲ ಮೆಟ್ಟಿಲಲ್ಲಿ ಕಾಲು ಚಾಚಿ ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಬಾಳೆಹಣ್ಣಿನ ಉಂಡೆ ಎಣ್ಣೆಯಲ್ಲಿ ಕುಣಿಯುವ ವಾಸನೆ ಗಂಟಲಿಗೇ ಬಂದು ಕೂತಿತ್ತು. ಜಸೀಲ ಬಾಯಲ್ಲಿ ಉಸಿರಾಡುತ್ತಿದ್ದಳು. ಆಗ ಎಳೆಮ್ಮ ರಹಿಯಾ ಒಳಗಿನಿಂದ ಉಕ್ಕಿನ ಡಬ್ಬಿ ಹಿಡಿದುಕೊಂಡೇ ಬಂದು ಅಕ್ಕನ ಮುಂದೆ ನಿಂತಳು.

“ಇತ್ತಾ, ಇಲ್ಲಿ ನೋಡು. ನೋಂಬು ಶುರುವಾಗೋ ಮುಂಚೆ ನಾನೇ ಅಂಗಡಿಯಿಂದ ತಂದಿಟ್ಟದ್ದು. ಪೆರ್ನಾಳ್ ಹಬ್ಬ ಕಳೆದು ಆಮೇಲೂ ಬರಬೇಕಿತ್ತು. ಮುಗೀತಾ ಬಂತು.”

ಉಮ್ಮ ಹಿಟ್ಟಿನ ಕೈ ಎತ್ತದೆ ಹೇಳಿದಳು. “ಇಲಿ ತಿಂದಿರ್ಬೇಕು.”

“ತಗಡು ಬಿಡಿಸಿ ಮಾತ್ರೆ ಮಾತ್ರ ತಿನ್ನೋ ಇಲಿ. ಅದಕ್ಕೂ ಸಕ್ಕರೆ ಕಾಯಿಲೆಯಾ?”

ಲಟ್ಟಣಿಗೆಯ ಕೆಳಗೆ ಪತ್ತಿರಿಯ ಅಂಚು ಹರಿಯಿತು. ಜಸೀಲ ಅದನ್ನು ಮುದ್ದೆ ಮಾಡಿ ಮತ್ತೆ ಇಟ್ಟಳು.

“ಉಮ್ಮಾ, ನೀವು ದಿನಕ್ಕೆ ಎಷ್ಟು ತಗೊಳ್ತೀರಿ?” ಎಳೆಮ್ಮ ಮೆಟ್ಟಿಲ ಕಡೆ ಕಿವುಡರಿಗೆ ಹೇಳುವ ಹಾಗೆ ಜೋರಾಗಿ ಕೇಳಿದಳು.

“ಒಂದು,” ಅಂದಳು ಉಮ್ಮಾಮ. “ಬಾಂಗಾದ ಮೇಲೆ ಒಂದು, ಜಾವದ ಊಟಕ್ಕೆ ಒಂದು.”

“ಅದು ಒಂದಾ, ಎರಡಾ?”

“ಹೊತ್ತಿಗೊಂದು ಅಂದೆ. ಕಿವಿ ಕೇಳಿಸದ್ದು ನಿಂಗೋ, ನಂಗೋ?”

ಉಮ್ಮ ನಕ್ಕಳು. ಜಸೀಲಳಿಗೂ ಅಷ್ಟರಲ್ಲೇ ಮುಗಿಯಿತು ಅನ್ನಿಸಿ ಭುಜ ಸಡಿಲವಾಯಿತು. ಆದರೆ ಉಮ್ಮಾಮ ಸುಲಿಯುತ್ತಿದ್ದ ಈರುಳ್ಳಿಯನ್ನು ತಟ್ಟೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ನಿಜ ಎಲ್ಲಿ ನಿಲ್ಲಿಸಬೇಕೆಂದೂ ತಿಳಿಯುವುದಿಲ್ಲ.

“ಒಂದು ಮಾತು,” ಅಂದಳು. “ಈ ತಿಂಗಳು ಸೈತಾನನ್ನ ಸಂಕೋಲೆ ಹಾಕಿ ಕಟ್ಟಿರ್ತಾರೆ ಅಂತ ಉಸ್ತಾದ್ ಹೇಳೋದು. ನಂದು ಮಾತ್ರ ಬಿಡಿಸ್ಕೊಂಡು ಬಂದ ಹಾಗಿದೆ. ಮಧ್ಯಾಹ್ನ ನಮಾಜಿಗೆ ಹಣೆ ಇಟ್ಟೆ ಅಂದ್ರೆ ಕಿವೀಲಿ ಕಿರ್ ಅಂತದೆ. ಮಾತ್ರೆ ಒಡೆಯೋ ಸದ್ದೇ. ನನ್ನ ಆಸೆ ಎಲ್ಲಿ ಉಂಟು ಅಂತ ಅದಕ್ಕೆ ಗೊತ್ತಲ್ಲ. ಮಾತ್ರೆ ಅಂದ್ರೆ ಆಮೇಲೆ ತಿಂಡಿ. ನಾನು ತಿರುಗಿ ನೋಡೋದಿಲ್ಲ. ಇನ್ನೂ ಗಟ್ಟಿ ಓದ್ತೇನೆ.”

ಉಮ್ಮನೂ ಎಳೆಮ್ಮನೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟ ಜಸೀಲಳಿಗೆ ಗೊತ್ತಿತ್ತು. ಬಟ್ಟೆ ಮಡಚುತ್ತಿದ್ದ ಮಧ್ಯಾಹ್ನ, ಅವಳು ಬಚ್ಚಲಿನಿಂದ ಹೊರಗೆ ಬಂದಾಗ, ಇದೇ ಇಬ್ಬರು ಹೀಗೇ ನೋಡಿಕೊಂಡಿದ್ದರು. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ, ಎಲ್ಲ ತೀರ್ಮಾನವಾಗಿ ಹೋಗಿತ್ತು.

“ತಲೆ ಹೋಗ್ತಾ ಇದೆ,” ಎಳೆಮ್ಮ ತಗ್ಗಿದ ದನಿಯಲ್ಲಿ ಅಂದಳು, ಆದರೆ ಎಲ್ಲರಿಗೂ ಕೇಳುವ ಹಾಗೆ. “ತಾನೇ ತಗೊಳ್ಳೋದು, ತಾನೇ ಮರೆಯೋದು, ಸೈತಾನ ಅನ್ನೋದು. ನೋಂಬಿನ ಬಾಯಲ್ಲಿ ಎರಡೆರಡು ನುಂಗಿದ್ರೆ ಸಕ್ಕರೆ ಇಳಿದು ಒಂದಿನ ನಮಾಜಿನ ಚಾಪೇಲೇ ಮಲಗಿಬಿಡ್ತಾರೆ. ಆಮೇಲೆ ಊರವರು ಕೇಳೋದು ನಮ್ಮನ್ನ.”

“ನೋಂಬು ಬೇಡ ಇನ್ನು,” ಅಂದಳು ಉಮ್ಮ. “ನಾಳೆಯಿಂದ ಮಧ್ಯಾಹ್ನ ಗಂಜಿ ಕುಡೀರಿ ಉಮ್ಮಾ. ವಯಸ್ಸಾದವರಿಗೆ ವಿನಾಯ್ತಿ ಉಂಟು. ಬಡವರಿಗೆ ಅಕ್ಕಿ ಕೊಟ್ಟರಾಯ್ತು.”

ಉಮ್ಮಾಮ ಕೈಯಲ್ಲಿದ್ದ ಈರುಳ್ಳಿಯನ್ನು ತಟ್ಟೆಗೆ ಹಾಕಿದಳು. ಈರುಳ್ಳಿಯ ಸಿಪ್ಪೆ ಗಾಳಿಗೆ ಮೆಟ್ಟಿಲಿಳಿದು ಹೋಯಿತು. “ನಿಮ್ಮಿಬ್ಬರನ್ನೂ ಹೊಟ್ಟೇಲಿ ಇಟ್ಕೊಂಡಾಗ ಬಿಟ್ಟ ನೋಂಬನ್ನೆಲ್ಲ ಹಿಡಿದು ತೀರಿಸಿದವಳು ನಾನು,” ಅಂದಳು ಕೊನೆಗೆ. “ಡಾಕ್ಟ್ರೂ ಆಗಬಹುದು ಅಂದಿದ್ದಾರೆ. ಮಾತ್ರೆ ನೋಡ್ಕೊಂಡು.”

“ಅದೇ ಅಲ್ವಾ ನೋಡ್ಕೊಳ್ಳಿಕ್ಕೆ ಆಗದ್ದು.”

ಈಗ ಹೇಳಬೇಕು, ಅಂದುಕೊಂಡಳು ಜಸೀಲ. ಈ ಪತ್ತಿರಿ ಲಟ್ಟಿಸಿ ಮುಗಿದ ಕೂಡಲೇ. ಮುಗಿಯಿತು, ಇನ್ನೊಂದು ಮುದ್ದೆ ತೆಗೆದುಕೊಂಡಳು. ಹೇಳಿದರೆ ಉಮ್ಮ ಫೋನು ಹಿಡಿಯುತ್ತಾಳೆ, ಕಾರು ಬರುತ್ತದೆ, ಹಲ್ವ ಬರುತ್ತದೆ, ಮಾತ್ರೆ ಕಕ್ಕಸಿಗೆ ಹೋಗುತ್ತದೆ. ಡಾಕ್ಟರು ಯಂತ್ರದಲ್ಲಿ ಇನ್ನೊಂದು ಸಲ ನೋಡುವವರೆಗಾದರೂ ಕಾಯಬೇಕು. ಅಲ್ಲದೆ ಮುದುಕಿಗೆ ನೋಂಬು ಬಿಡಿಸುವುದು ಒಳ್ಳೆಯದೇ ಅಲ್ಲವೇ? ಎಷ್ಟು ಮನೆಗಳಲ್ಲಿ ಮಕ್ಕಳು ಹಾಗೆ ಮಾಡಿಸುತ್ತಾರೆ. ಹೀಗೆ ತನ್ನೊಳಗೇ ವಾದ ಹೂಡಿ ತಾನೇ ಗೆಲ್ಲುತ್ತಿರುವಾಗ ಎಳೆಮ್ಮ ಬಂದು ಆ ಡಬ್ಬಿಯನ್ನು ಅವಳ ಹಿಟ್ಟಿನ ಕೈಗೆ ಇಟ್ಟಳು.

“ಜಸೀ, ಇದು ನಿನ್ನ ಹತ್ರ ಇರಲಿ. ನೀನೇ ತೆಗೆದು ಕೊಡು. ಈ ಮನೇಲಿ ಓದಿದವಳು ನೀನೊಬ್ಬಳೇ.”

ಸಂಜೆಯ ಬಾಂಗಿನ ಹೊತ್ತಿಗೆ ಎಲ್ಲರೂ ಖರ್ಜೂರ ಹಿಡಿದು ಕಾದರು. ತುಪ್ಪದಲ್ಲಿ ಈರುಳ್ಳಿ ಹುರಿದು ಹಾಕಿದ ರವೆ ಗಂಜಿಯ ಹಬೆ ಮುಖಕ್ಕೆ ಬಡಿಯುತ್ತಿತ್ತು. ಉಮ್ಮಾಮ ಖರ್ಜೂರ ತಿಂದು, ನೀರು ಕುಡಿದು, ಏನೂ ಕೇಳದೆ ಜಸೀಲಳ ಕಡೆ ಅಂಗೈ ಚಾಚಿದಳು. ಮದರಸದಲ್ಲಿ ಏಟಿಗೆ ಕೈ ಒಡ್ಡುವ ಮಕ್ಕಳ ಹಾಗೆ. ಆ ಕೈ ಇವಳನ್ನು ಎತ್ತಿ ಆಡಿಸಿದ್ದು. ಹೋದ ವರ್ಷ, ಉಮ್ಮ ಮಾತ್ರೆ ಹಿಡಿದು ಕೂಗುತ್ತಿದ್ದಾಗ, ಏನೂ ಹೇಳದೆ ಬಂದು ಇವಳ ಕಾಲಿಗೆ ಬಿಸಿ ಎಣ್ಣೆ ತಿಕ್ಕಿದ್ದು. ಜಸೀಲ ಮಾತ್ರೆ ಒಡೆದಳು. ತೊಡೆಯ ನಡುವೆ ಸೀರೆಯ ಮುದ್ದೆಯಲ್ಲಿಟ್ಟು, ಸದ್ದು ಕೇಳದ ಹಾಗೆ ಒಡೆದಳು. ಯಾಕೆ ಹಾಗೆ ಮಾಡಿದೆನೆಂದು ಕೈ ಮಾಡಿ ಮುಗಿಸಿದ ಮೇಲೆ ಹೊಳೆಯಿತು.

ಉಮ್ಮಾಮ ಅಂಗೈಯಲ್ಲಿದ್ದ ಬಿಳಿಯ ಮಾತ್ರೆಯನ್ನು ದಿಟ್ಟಿಸಿದಳು. “ಇದು ನಾನು ಆಗಲೇ ತಗೊಂಡದ್ದು ಅಲ್ವಲ್ಲ, ಮಗಳೇ?”

“ಅಲ್ಲ ಉಮ್ಮಾಮಾ.”

“ನೀನು ಹೇಳಿದ್ರೆ ಸರಿ,” ಅಂದಳು ಮುದುಕಿ. ನುಂಗಿದಳು.

ಜಸೀಲ ಎದ್ದು ಬಚ್ಚಲಿಗೆ ಹೋಗಿ ಗಂಜಿಯನ್ನೆಲ್ಲ ಕಕ್ಕಿದಳು. ನಲ್ಲಿ ಬಿಡಲು ಮರೆತಿತ್ತು. ಹೊರಗೆ ಬಂದಾಗ ಉಮ್ಮ, “ಎಣ್ಣೆ ತಿಂಡಿ ಜಾಸ್ತಿಯಾಯ್ತು ನಿಂಗೆ, ಮೈ ನೋಡ್ಕೊ ಅಂದ್ರೆ ಕೇಳೋದಿಲ್ಲ,” ಅಂದಳು.

ಮಾರನೆಯ ಜಾವದಲ್ಲಿ ಎಲ್ಲರೂ ಎದ್ದು ಉಣ್ಣುವಾಗ ಉಮ್ಮಾಮನನ್ನು ಯಾರೂ ಎಬ್ಬಿಸಲಿಲ್ಲ. ಆದರೂ ಅವಳು ತಾನೇ ಎದ್ದು ಬಂದು, ಒಂದು ಬಾಳೆಹಣ್ಣು ತಿಂದು, ಮಾತ್ರೆಗೆ ಕೈ ಚಾಚಿ, ಹೋಗಿ ಮಲಗಿದಳು. ಹಗಲಾದ ಮೇಲೆ ಜಸೀಲ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು. ಸೋಪಿನ ಪುಡಿಯ ಹಿಂದಿನ ಬಿಸ್ಕತ್ತಿಗೆ ಅವಳು ಹೋಗಲಿಲ್ಲ. ಡಬ್ಬಿ ಅವಳದೇ ಕೈಯಲ್ಲಿತ್ತು, ಈಗ ಯಾರ ಹಣೆಯೂ ನೆಲಕ್ಕೆ ತಾಗುವವರೆಗೆ ಕಾಯಬೇಕಾಗಿರಲಿಲ್ಲ. ಆದರೂ ಅದನ್ನು ತೆರೆಯಲು ಬೆರಳು ಒಪ್ಪಲಿಲ್ಲ. ಒಳಗಿರುವುದಕ್ಕೆ ಒಂದು ದಿನ ಒಂದು ಮಾತ್ರೆ ತಡವಾದರೆ ಏನಾಗುತ್ತದೆ? ಅದಕ್ಕೆ ತಿಳಿಯುತ್ತದೆಯೇ? ತನ್ನ ಉಮ್ಮ ತನಗಾಗಿ ಕದಿಯುತ್ತಾಳೆ ಎಂದು ಹುರಿಗಡಲೆಯಷ್ಟಿರುವಾಗಲೇ ತಿಳಿದುಕೊಂಡುಬಿಟ್ಟರೆ?

ಮಧ್ಯಾಹ್ನ ಉಮ್ಮ ಅಡುಗೆಮನೆಯ ಮೇಜಿನ ಮೇಲೆ ಬಟ್ಟಲಿಟ್ಟಳು. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ. ಉಮ್ಮಾಮ ಬಂದು ಕೂತಳು. ತಲೆಯ ಬಟ್ಟೆ ಸರಿಮಾಡಿಕೊಂಡಳು. ಆಮೇಲೆ ಹಿಂಬಾಗಿಲ ಕಡೆ ನೋಡಿ, “ಅದನ್ನೊಂದು ಹಾಕು ರಹಿಯಾ,” ಅಂದಳು. “ಮೀನಿನವಳು ಬರೋ ಹೊತ್ತು. ಈ ಮನೆಯ ಮುದುಕಿ ಕುಂಞಾಮಿ ನೋಂಬಿನ ಹಗಲು ಉಣ್ತಿದ್ದಾಳೆ ಅಂತ ಅವಳು ಕಡಪ್ಪುರದವರೆಗೂ ಕೂಗ್ಕೊಂಡು ಹೋಗ್ತಾಳೆ.”

ಎಳೆಮ್ಮ ಬಾಗಿಲು ಹಾಕಿದಳು. ಬೆಳಕು ಕಡಿಮೆಯಾಯಿತು. ಉಮ್ಮಾಮ ಚಮಚ ಎತ್ತಿ ಗಂಜಿಯಲ್ಲಿ ಅದ್ದಿ, ಹಾಗೇ ಹಿಡಿದುಕೊಂಡಳು. ಗಂಜಿ ಚಮಚದಿಂದ ತೊಟ್ಟಿಕ್ಕಿ ಬಟ್ಟಲಿಗೇ ಬಿತ್ತು. ಇಬ್ಬರು ಹೆಣ್ಣುಮಕ್ಕಳು ಎರಡು ಕಡೆ ನಿಂತು, ಮಗು ಔಷಧಿ ಕುಡಿಯುವುದನ್ನು ಕಾಯುವ ಹಾಗೆ ಕಾಯುತ್ತಿದ್ದರು.

“ಕುಡೀರಿ ಉಮ್ಮಾ.”

“ಮನಸ್ಸಲ್ಲಿ ನೋಂಬಿನ ನಿಯ್ಯತ್ತು ಇಟ್ಟುಬಿಟ್ಟಿದ್ದೇನೆ ಮಾರಾಯ್ತಿ,” ಮುದುಕಿ ಮೆಲ್ಲಗೆ ಅಂದಳು. “ಜಾವದಲ್ಲೇ. ಇಲ್ಲಿಯವರೆಗೆ ನೋಂಬೇ ನಂಗೆ.”

“ಬಿಟ್ಟದ್ದಕ್ಕೆ ಪಾಪ ಇಲ್ಲ. ಕುಡೀರಿ.”

ಚಮಚ ಮತ್ತೆ ಮೇಲೆದ್ದಿತು. ತುಟಿಯ ಹತ್ತಿರ ಬಂತು. ಜಸೀಲ ಯೋಚಿಸಲಿಲ್ಲ, ಯೋಚಿಸಿದ್ದರೆ ಇನ್ನೊಂದು ಪತ್ತಿರಿ ಲಟ್ಟಿಸುತ್ತಿದ್ದಳು. ಮೇಜಿನ ಈಚೆಯಿಂದ ಕೈ ಚಾಚಿ ಅಜ್ಜಿಯ ಕೈಯಿಂದ ಚಮಚ ತೆಗೆದುಕೊಂಡಳು, ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು, ಕುರ್ಚಿಯಲ್ಲಿ ಕೂತು ಉಂಡಳು. ಮೂರು ಜನ ಹೆಂಗಸರ ಮುಂದೆ, ನೋಂಬಿನ ನಟ್ಟನಡು ಹಗಲಿನಲ್ಲಿ, ಬಾಯಿ ತುಂಬ. ಗಂಜಿ ಬೆಚ್ಚಗೆ ಇಳಿಯಿತು. ಎಷ್ಟು ದಿನವಾಯಿತು ಹಗಲಿನಲ್ಲಿ ಸೋಪಿನ ವಾಸನೆಯಿಲ್ಲದ ಅನ್ನ ತಿಂದು.

“ಹೇ, ನೋಂಬಲ್ವಾ ನಿಂಗೆ?” ಉಮ್ಮನ ದನಿ ಬಂತು. “ಮತ್ತೆ ಮುಟ್ಟಾ? ಮೊನ್ನೆ ತಾನೇ...”

ಜಸೀಲ ಇನ್ನೆರಡು ಚಮಚ ಉಂಡಳು. ಆಮೇಲೆ ಡಬ್ಬಿ ತೆಗೆದು, ತಗಡಿನ ಹಾಳೆಯನ್ನು ಮೇಜಿನ ಮೇಲೆ ಇಟ್ಟು ಎಲ್ಲರೆದುರು ಹೆಬ್ಬೆರಳೊತ್ತಿದಳು.

ಕಿರ್.

ಉಮ್ಮಾಮನ ತಲೆ ಥಟ್ಟನೆ ತಿರುಗಿತು. ತಗಡನ್ನು ನೋಡಲಿಲ್ಲ, ಜಸೀಲಳ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಅವಳ ಮುಖದ ಸುಕ್ಕುಗಳು ಒಂದೊಂದಾಗಿ ಜಾಗ ಬದಲಿಸಿದವು. ಅದು ಕೋಪಕ್ಕೋ ನಗುವಿಗೋ ಎಂದು ಹೇಳುವ ಹಾಗಿರಲಿಲ್ಲ. ಉಮ್ಮನಿಗೆ ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅವಳ ಕೈ ಮಾತ್ರೆಯ ಕಡೆಗೆ ಹಾರಿತು.

“ಅಲ್ಲಾಹ್, ಮತ್ತೆ ಅದನ್ನೇ... ಹೊಟ್ಟೇಲಿ ಇಟ್ಕೊಂಡು ಮತ್ತೆ ಅದನ್ನೇ...”

“ಕೈ ತೆಗಿ ಸೌದಾ,” ಅಂದಳು ಉಮ್ಮಾಮ.

“ಉಮ್ಮಾ, ನಿಮಗೂ ಗೊತ್ತಲ್ಲ, ಹೋದ ಸಲ ಇದರಿಂದಲೇ...”

“ಡಾಕ್ಟ್ರು ಅಲ್ಲ ಅಂದಿದ್ದಾರೆ,” ಜಸೀಲ ಹೇಳಿದಳು. ತನ್ನ ದನಿ ಇಷ್ಟು ಸಣ್ಣದಾಗಿ ಬಂದದ್ದಕ್ಕೆ ನಾಚಿಕೆಯಾಯಿತು. “ಅವರು ಬಿಡು ಅನ್ನೋವರೆಗೆ ಬಿಡೋದಿಲ್ಲ ಉಮ್ಮಾ. ನೀನು ಎಸೆದ್ರೆ ಮತ್ತೆ ಕದೀತೇನೆ.”

ನುಂಗಿದಳು. ನೀರು ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ಉಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಕೈ ಮಾತ್ರ ಇನ್ನೂ ಮುಂದಕ್ಕೇ ಚಾಚಿತ್ತು, ಯಾರೋ ಏನೋ ಕೊಡುತ್ತಾರೆಂದು ಕಾದವರ ಹಾಗೆ. ಒಳಗೆ ಇರುವುದು ನಿಲ್ಲುತ್ತದೋ ಇಲ್ಲವೋ ಜಸೀಲಳಿಗೆ ಈಗಲೂ ಗೊತ್ತಿರಲಿಲ್ಲ. ನಾಳೆಯೂ ಗೊತ್ತಿರುವುದಿಲ್ಲ. ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆ ನೋಡಿಕೊಳ್ಳುವುದು ತಪ್ಪುವುದಿಲ್ಲ.

ಉಮ್ಮಾಮ ಮೇಜು ಹಿಡಿದು ಎದ್ದಳು. ಗಂಜಿ ತಾಗಿದ್ದ ಬೆರಳನ್ನು ನಲ್ಲಿಗೆ ಹಿಡಿದು ಚೆನ್ನಾಗಿ ತೊಳೆದಳು. ತುಟಿಯನ್ನೂ ಒರೆಸಿಕೊಂಡಳು.

“ಹಾಗಾದ್ರೆ ಸೈತಾನ ಕಟ್ಟಿದಲ್ಲೇ ಇದ್ದಾನೆ,” ಅಂದಳು, ತನಗೇ ಹೇಳಿಕೊಳ್ಳುವ ಹಾಗೆ. ಆಮೇಲೆ ಹೆಣ್ಣುಮಕ್ಕಳ ಕಡೆ ತಿರುಗಿದಳು. “ಸೌದಾ, ಫೋನಿಗೆ ಕೈ ಹಾಕಿದ್ರೆ ನೋಡು. ಕಾರೂ ಬೇಡ, ಹಲ್ವವೂ ಬೇಡ. ರಹಿಯಾ, ಸಂಜೆ ನಿನ್ನ ಗಂಡನ ಅಂಗಡಿಯಿಂದ ಇನ್ನೊಂದಷ್ಟು ಮಾತ್ರೆ ತರ್ಸು.”

“ಇಷ್ಟು ಬೇಗ ಮತ್ಯಾಕೆ ಅಂತ ಕೇಳಿದ್ರೆ?”

“ಮುದುಕಿಗೆ ತಲೆ ಸರಿ ಇಲ್ಲ, ಎರಡೆರಡು ತಿಂತಾಳೆ ಅನ್ನು. ಹೇಗೂ ಹೇಳಿಯಾಗಿದೆಯಲ್ಲ.”

ನಮಾಜಿನ ಬಿಳಿ ಬಟ್ಟೆ ಹೊದ್ದುಕೊಳ್ಳಲು ಅವಳು ಒಳಗೆ ಹೋದಳು. ಬಾಗಿಲ ಬಳಿ ನಿಂತು, ತಿರುಗಿ ನೋಡದೆಯೇ, “ಬಟ್ಟಲು ಖಾಲಿ ಮಾಡಿ ಏಳು,” ಅಂದಳು. ಜಸೀಲ ಚಮಚ ಎತ್ತಿಕೊಂಡಳು. ಒಳಗಿನಿಂದ ಮೊಣಕಾಲಿನ ಲಟಕ್ ಸದ್ದು ಕೇಳಿಸಿತು. ಹಣೆ ನೆಲ ಮುಟ್ಟಿರಬೇಕು. ಚಮಚ ಬಟ್ಟಲಿಗೆ ತಾಗದ ಹಾಗೆ, ಒಂದಿಷ್ಟೂ ಸದ್ದಾಗದ ಹಾಗೆ ಅವಳು ಉಂಡಳು.